ಕಣ್ಣಿನ ಕಾಡಿಗೆ

ಒಳ್ಳೆಯ ಬರೆವಣಿಗೆ ಹುಟ್ಟಿನಿಂದ ಬರತಕ್ಕದ್ದೋ, ಅಭ್ಯಾಸದಿಂದ ಬರತಕ್ಕದ್ದೋ ಎಂಬ ಪ್ರಶ್ನೆ ಬಹು ಹಳೆಯದು. ಅಕ್ಷರಸ್ಥರ ಮನೆಗಳಲ್ಲಿ ಅದು ಇಂದಿಗೂ ಆಗಾಗ ತಲೆದೋರುವುದುಂಟು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ನಾಲ್ಕು ಸಾಲು ಪದ್ಯವನ್ನು ಬರೆದು ತಂದು ತಂದೆಯ ಮುಂದೆ ಹಿಡಿಯುತ್ತಾಳೆ. ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಊರಿನ ಹಳೆಯ ದೇವಸ್ಥಾನದ ವಿಷಯವಾಗಿ ಲೇಖನವೊಂದನ್ನು ಸಿದ್ಧಪಡಿಸಿ ಸ್ನೇಹಿತರನ್ನು ಕೂಡಿಸಿ ಓದಿಹೇಳುತ್ತಾರೆ. ಓದು ಮುಗಿದ ಮೇಲೆ ಒಂದು ಕ್ಷಣ ಎಲ್ಲರೂ ಮೌನವಾಗಿರುತ್ತಾರೆ. ಆ ಮೌನವನ್ನು ಮುರಿಯತಕ್ಕವರು ಏನು ಹೇಳಬೇಕು? ಅವರು ಹೇಳಿದ್ದನ್ನು ಬರೆದವರು ಹೇಗೆ ತೆಗೆದುಕೊಳ್ಳಬೇಕು? ನೋಡುವುದಕ್ಕೆ ಇವು ಸಣ್ಣ ಪ್ರಶ್ನೆಗಳು. ಆದರೆ ಆ ಹುಡುಗಿ ಮುಂದೆ ಬರೆಯುವಳೋ ಬರೆಯುವುದನ್ನೇ ಬಿಡುವಳೋ, ಆ ಹಿರಿಯರ ಲೇಖನ ಓದುಗರಿಗೆ ಬೆಳಕಾಗುವುದೋ ಹೊರೆಯಾಗುವುದೋ ಎಂಬುದು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳ ಉತ್ತರವನ್ನೇ ಅವಲಂಬಿಸಿದೆ.

ಹಿಂದಿನ ಆಲಂಕಾರಿಕರು ಈ ವಿಚಾರವನ್ನು ಬದಿಗಿಟ್ಟವರಲ್ಲ. ಕಾವ್ಯಸಂಪತ್ತಿಗೆ ಕಾರಣಗಳಾವುವೆಂದು ಹೇಳುವಾಗ ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ಮೂರನ್ನು ಎಣಿಸುತ್ತಾನೆ: ಸ್ವಭಾವಸಿದ್ಧವಾದ ಪ್ರತಿಭೆ, ವಿಸ್ತಾರವೂ ನಿರ್ಮಲವೂ ಆದ ವ್ಯಾಸಂಗ, ಮಾಂದ್ಯವಿಲ್ಲದ ಅಭ್ಯಾಸ. ಜನರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಉಳಿದೆರಡನ್ನೂ ಮರೆತುಬಿಡುತ್ತಾರೆ. ಹಾಗೆ ಮರೆಯುವುದರಲ್ಲಿ ಒಂದು ಅನುಕೂಲವೂ ಇದೆ. ಪ್ರತಿಭೆಯೇ ಸರ್ವಸ್ವವೆಂದಾದರೆ ಅದು ಉಳ್ಳವನಿಗೆ ಶ್ರಮದ ಅಗತ್ಯವಿಲ್ಲ, ಇಲ್ಲದವನಿಗೆ ಶ್ರಮದಿಂದ ಪ್ರಯೋಜನವಿಲ್ಲ. ಇಬ್ಬರೂ ಸುಮ್ಮನೆ ಕುಳಿತಿರಬಹುದು. ದಂಡಿ ಹಾಗೆ ಕುಳಿತಿರಗೊಡುವುದಿಲ್ಲ. ಅದ್ಭುತವಾದ ಆ ಪ್ರತಿಭೆ ಒಬ್ಬನಲ್ಲಿ ಇಲ್ಲದೆ ಹೋದರೂ, ವ್ಯಾಸಂಗದಿಂದಲೂ ಪ್ರಯತ್ನದಿಂದಲೂ ಉಪಾಸಿಸಿದರೆ ವಾಗ್ದೇವಿ ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂದು ಆತನು ಅಭಯವನ್ನೀಯುತ್ತಾನೆ.

ಆದರೆ ಅಭ್ಯಾಸವೆಂದರೇನು? ದಿನವೂ ಇಷ್ಟು ಪುಟಗಳನ್ನು ಬರೆಯುವುದೇ ಅಭ್ಯಾಸವೆಂದು ತಿಳಿಯುವವರು ಬಹುಮಂದಿ. ದಿನವೂ ಬರೆಯುವುದು ಒಳ್ಳೆಯದೇ. ಕೈಗೆ ಚುರುಕು ಬರುತ್ತದೆ, ಮನಸ್ಸಿನ ಸೋಮಾರಿತನ ಕಳೆಯುತ್ತದೆ. ಆದರೂ ಮೂವತ್ತು ವರ್ಷಗಳ ಕಾಲ ಎಡೆಬಿಡದೆ ಬರೆದು, ಮೊದಲನೆಯ ವರ್ಷದ ತಪ್ಪುಗಳನ್ನೇ ಮೂವತ್ತನೆಯ ವರ್ಷದಲ್ಲಿಯೂ ಮಾಡುತ್ತಿರುವವರು ಇಲ್ಲವೆ? ಅವರ ವಿಷಯದಲ್ಲಿ ಅಭ್ಯಾಸವು ಗುಣವನ್ನು ಬೆಳಸಲಿಲ್ಲ, ದೋಷವನ್ನು ಗಟ್ಟಿಮಾಡಿತು. ಶ್ರುತಿ ತಪ್ಪಿ ಹಾಡುವವನು ಅದೇ ಕೃತಿಯನ್ನು ನೂರು ಸಲ ಹಾಡಿದರೆ ಅವನಿಗೆ ಸಿದ್ಧಿಸುವುದು ಅಪಶ್ರುತಿಯೇ. ಆದಕಾರಣ ಅಭ್ಯಾಸದ ಒಳಗೆ ಬೇರೊಂದು ಗುಣವು ಇರಲೇಬೇಕು. ಆ ಗುಣವಿದ್ದರೆ ಸ್ವಲ್ಪ ಅಭ್ಯಾಸವೂ ಮೇಲಕ್ಕೆತ್ತುತ್ತದೆ. ಅದಿಲ್ಲದಿದ್ದರೆ ಬಹುಕಾಲದ ಅಭ್ಯಾಸವೂ ಇದ್ದಲ್ಲಿಯೇ ಸುತ್ತಿಸುತ್ತದೆ. ಅದಾವುದೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲೆಲ್ಲ ಮೊದಲನೆಯದಾದ ‘ಕವಿರಾಜಮಾರ್ಗ’ವು ಇದಕ್ಕೆ ಉತ್ತರವನ್ನು ಸೂಚಿಸುತ್ತದೆ. ೯ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಹುಟ್ಟಿದ ಈ ಗ್ರಂಥವು ದಂಡಿಯ ಮಾರ್ಗವನ್ನು ಬಹುಮಟ್ಟಿಗೆ ಅನುಸರಿಸಿದುದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರು ವಿಶೇಷವಾಗಿ ಓದದೆ ಇದ್ದರೂ ಕಾವ್ಯಪ್ರಯೋಗದಲ್ಲಿ ಬಲ್ಲವರೆಂದು ಅದು ಹೊಗಳಿರುವ ಮಾತನ್ನು ಸಭೆಗಳಲ್ಲಿ ಕೇಳದವರಿಲ್ಲ. ಆ ಹೊಗಳಿಕೆಯನ್ನು ನೆನೆದು ಹಿಗ್ಗುವವರು ಗ್ರಂಥದ ರಚನಾಕ್ರಮವನ್ನೂ ಒಮ್ಮೆ ನೋಡಬೇಕು. ಅದರಲ್ಲಿರುವುದು ಮೂರು ಪರಿಚ್ಛೇದಗಳು. ಎರಡನೆಯದು ಶಬ್ದಾಲಂಕಾರಗಳಿಗೆ, ಮೂರನೆಯದು ಅರ್ಥಾಲಂಕಾರಗಳಿಗೆ ಮೀಸಲು. ಮೊದಲನೆಯದು ಹೇಳುವುದು ದೋಷಗಳನ್ನು. ಓದದೆಯೂ ಬಲ್ಲವರೆಂದು ಯಾರನ್ನು ಹೊಗಳಿತೋ ಅವರಿಗೇ ಗ್ರಂಥವು ಮೊದಲು ಕಲಿಸಹೊರಟದ್ದು ತಪ್ಪನ್ನು ಕಾಣುವುದನ್ನು. ಒಡವೆಯ ಮಾತು ಆಮೇಲೆ.

ಆ ಸಂದರ್ಭದಲ್ಲಿ ಗ್ರಂಥವು ಕೊಡುವ ಉಪಮಾನವೊಂದು ಮನೆಮಾತಾಗತಕ್ಕದ್ದು. ಮನುಷ್ಯನು ಏನು ಮಾಡಿದರೂ ತನ್ನ ದೋಷವನ್ನು ತಾನು ಕಾಣಲಾರನು, ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದಂತೆ, ಎಂಬುದು ಅದರ ಅಭಿಪ್ರಾಯ. ಉಪಮಾನದ ಸೊಗಸು ಹಾಗಿರಲಿ. ಅದರ ನ್ಯಾಯವನ್ನು ಗಮನಿಸಬೇಕು. ಕಾಡಿಗೆ ದೂರದಲ್ಲಿದೆಯೆಂದು ಕಣ್ಣಿಗೆ ಕಾಣಿಸುವುದಿಲ್ಲವೆ? ಅಲ್ಲ, ಬಹಳ ಹತ್ತಿರವಿರುವುದರಿಂದಲೇ ಕಾಣಿಸುವುದಿಲ್ಲ. ಕಣ್ಣಿನ ಶಕ್ತಿ ಕುಂದಿದೆಯೆ? ಅದೂ ಅಲ್ಲ, ಎದುರಿನವರ ಕಣ್ಣಿನ ಕಾಡಿಗೆ ಕದಡಿದ್ದರೆ ಅದೇ ಕಣ್ಣು ಒಡನೆಯೇ ಕಂಡುಹಿಡಿಯುತ್ತದೆ. ಹಾಗೆಯೇ ಪರರ ಬರೆಹದಲ್ಲಿ ಕೂದಲೆಳೆಯಷ್ಟು ತಪ್ಪನ್ನು ಹಿಡಿಯಬಲ್ಲ ಪಂಡಿತನೂ ತನ್ನ ಬರೆಹದಲ್ಲಿ ತೊಲೆಯಂಥ ತಪ್ಪನ್ನು ದಾಟಿಹೋಗುತ್ತಾನೆ. ಇದು ಅಜ್ಞಾನವಲ್ಲ, ಸಾಮೀಪ್ಯ.

ಈ ಸಾಮೀಪ್ಯ ಹೇಗೆ ಕೆಲಸ ಮಾಡುತ್ತದೆಂಬುದನ್ನು ವಿವರಿಸುವುದು ಕಷ್ಟವಲ್ಲ. ಬರೆದವನು ತನ್ನ ವಾಕ್ಯವನ್ನು ಮತ್ತೆ ಓದುವಾಗ ಅವನು ನಿಜವಾಗಿ ಓದುವುದು ಕಾಗದದ ಮೇಲಿನ ಅಕ್ಷರಗಳನ್ನಲ್ಲ, ತನ್ನ ಮನಸ್ಸಿನಲ್ಲಿರುವ ಭಾವವನ್ನು. ವಾಕ್ಯದಲ್ಲಿ ಒಂದು ಪದ ಬಿಟ್ಟುಹೋಗಿದ್ದರೆ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ. ‘ಅವನು’ ಎಂದರೆ ಯಾರೆಂಬುದು ಅವನಿಗೆ ಗೊತ್ತು. ಓದುಗನಿಗೆ ಗೊತ್ತಿಲ್ಲವೆಂಬುದು ಅವನಿಗೆ ಹೊಳೆಯುವುದಿಲ್ಲ. ತಾನು ಅನುಭವಿಸಿದ ದುಃಖವನ್ನು ಕುರಿತು ‘ಅಪಾರವಾದ ದುಃಖ’ ಎಂದು ಬರೆದ ಮಾತ್ರಕ್ಕೆ ಅವನ ಕಣ್ಣು ತೇವವಾಗುತ್ತದೆ. ಓದುಗನಿಗಾದರೋ ಅದು ಎರಡು ಪದಗಳಷ್ಟೆ. ಹತ್ತನೆಯ ಶತಮಾನದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನು ವಿವರಿಸುವಾಗ ಈ ಮರ್ಮವನ್ನು ಅರಿತೇ ಹೇಳಿದ್ದಾನೆ. ರಸಾವೇಶದಲ್ಲಿ ರಚಿಸುತ್ತಿರುವವನಿಗೆ ವಿವೇಚನೆಯ ದೃಷ್ಟಿ ಇರುವುದಿಲ್ಲ. ಆದುದರಿಂದ ಬೆಳಿಗ್ಗೆ ರಚಿಸಿದ್ದನ್ನು ಹಗಲಿನ ಕೊನೆಯ ಜಾವದಲ್ಲಿ ಮತ್ತೆ ಪರೀಕ್ಷಿಸಬೇಕು ಎಂಬುದು ಅವನ ವಿಧಿ. ಹಾಗೆ ಪರೀಕ್ಷಿಸುವಾಗ ಮಾಡತಕ್ಕ ಕೆಲಸ ನಾಲ್ಕು: ಹೆಚ್ಚಾದದ್ದನ್ನು ಬಿಡುವುದು, ಕಡಮೆಯಾದದ್ದನ್ನು ತುಂಬುವುದು, ಸ್ಥಳ ತಪ್ಪಿದ್ದನ್ನು ಬದಲಾಯಿಸುವುದು, ಮರೆತದ್ದನ್ನು ನೆನೆದು ಸೇರಿಸುವುದು. ಸಾವಿರ ವರ್ಷಗಳ ಮೇಲೆಯೂ ಈ ಪಟ್ಟಿಗೆ ಸೇರಿಸಬೇಕಾದದ್ದು ಹೆಚ್ಚೇನೂ ಇಲ್ಲ.

ಬರೆದದ್ದನ್ನು ಕೆಲವು ಕಾಲ ಮರೆತಿರುವುದು, ಮರಳಿ ತೆಗೆದು ಗಟ್ಟಿಯಾಗಿ ಓದುವುದು, ಇವೆರಡೂ ಸಾಮೀಪ್ಯವನ್ನು ಕಳೆಯುವ ಉಪಾಯಗಳು. ಕನ್ನಡ ನಾಡಿನಲ್ಲಿ ಕಾವ್ಯವು ಬಹುಕಾಲ ಕಿವಿಯ ಮೂಲಕವೇ ಜನರನ್ನು ಸೇರುತ್ತಿತ್ತು. ಕುಮಾರವ್ಯಾಸನ ಭಾರತವನ್ನು ಒಬ್ಬರು ವಾಚನ ಮಾಡಿದರೆ ಊರೇ ಕುಳಿತು ಕೇಳುತ್ತಿತ್ತು. ಕಣ್ಣು ದಾಟಿಹೋದ ತೊಡಕಿನಲ್ಲಿ ನಾಲಗೆ ಎಡವುತ್ತದೆ. ಉಸಿರು ಸಾಲದ ವಾಕ್ಯವು ಉದ್ದವಾದ ವಾಕ್ಯವೆಂಬುದನ್ನು ಯಾವ ವ್ಯಾಕರಣವೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಉಪಾಯಗಳಿಗೂ ಒಂದು ಮಿತಿಯುಂಟು. ಎಷ್ಟು ದಿನ ಬಿಟ್ಟು ನೋಡಿದರೂ ನೋಡುವ ಕಣ್ಣು ಹಚ್ಚಿಕೊಂಡ ಕಣ್ಣೇ. ಕೊನೆಗೆ ಒಂದು ಕನ್ನಡಿಯೋ ಪಕ್ಕದಲ್ಲಿ ಒಬ್ಬ ಮನುಷ್ಯನೋ ಬೇಕು.

ಇದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ನನ ಬಾಲ್ಯವು ಒಳ್ಳೆಯ ನಿದರ್ಶನ. ೧೭೦೬ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮೇಣದ ಬತ್ತಿ, ಸಾಬೂನುಗಳನ್ನು ತಯಾರಿಸುವವನ ಮಗನಾಗಿ ಹುಟ್ಟಿದ ಆತನು ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದನು. ಸ್ನೇಹಿತನೊಬ್ಬನೊಡನೆ ಪತ್ರಮುಖೇನ ಅವನು ವಾದವೊಂದನ್ನು ನಡಸುತ್ತಿದ್ದಾಗ ಆ ಪತ್ರಗಳು ತಂದೆಯ ಕೈಗೆ ಸಿಕ್ಕಿದುವು. ತಂದೆ ವಾದದಲ್ಲಿ ಯಾರು ಸರಿಯೆಂಬ ಮಾತನ್ನೇ ಎತ್ತಲಿಲ್ಲ. ಕಾಗುಣಿತದಲ್ಲಿಯೂ ವಿರಾಮಚಿಹ್ನೆಗಳಲ್ಲಿಯೂ ಮಗನದೇ ಮೇಲು, ಅದು ಅಚ್ಚುಕೂಟದ ಪುಣ್ಯ. ಆದರೆ ಮಾತಿನ ಸೊಗಸಿನಲ್ಲಿ, ವಿಷಯಗಳ ಕ್ರಮದಲ್ಲಿ, ಅರ್ಥದ ಸ್ಪಷ್ಟತೆಯಲ್ಲಿ ಸ್ನೇಹಿತನೇ ಮುಂದು ಎಂದು ಹೇಳಿ, ಒಂದೊಂದಕ್ಕೂ ಉದಾಹರಣೆಗಳನ್ನು ಎತ್ತಿ ತೋರಿಸಿದನು. ಈ ತಂದೆಯ ನಡತೆಯನ್ನು ಗಮನಿಸಬೇಕು. ಅವನು ಮಗನನ್ನು ಕವಿಯೆಂದು ಮೆರೆಸಲಿಲ್ಲ, ನಿನಗೇಕೆ ಈ ಉಸಾಬರಿಯೆಂದು ಗದರಿಸಲೂ ಇಲ್ಲ. ಇರುವ ಗುಣವನ್ನು ಮೊದಲು ಹೇಳಿದನು, ಇಲ್ಲದ್ದನ್ನು ಹೆಸರಿಟ್ಟು ಹೇಳಿದನು, ಹೇಳಿದ್ದಕ್ಕೆ ಆಧಾರವನ್ನು ತೋರಿಸಿದನು.

ಮಗನೂ ಅದಕ್ಕೆ ತಕ್ಕವನಾಗಿದ್ದನು. ಮಾತು ನ್ಯಾಯವಾದದ್ದೆಂದು ಕಂಡು ತನ್ನನ್ನು ತಾನು ತಿದ್ದಿಕೊಳ್ಳಲು ಮನಸ್ಸು ಮಾಡಿದನು. ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಬಿಡಿ ಸಂಪುಟವೊಂದು ಕೈಗೆ ಬಂದಾಗ ಅದರಲ್ಲಿಯ ಪ್ರಬಂಧಗಳ ಒಂದೊಂದು ವಾಕ್ಯದ ಭಾವವನ್ನೂ ಚುಟುಕಾಗಿ ಗುರುತುಹಾಕಿಕೊಂಡು, ಕೆಲವು ದಿನ ಅವನ್ನು ಎತ್ತಿಟ್ಟು, ಆಮೇಲೆ ಪುಸ್ತಕವನ್ನು ನೋಡದೆ ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಪೂರ್ತಿಮಾಡುತ್ತಿದ್ದನು. ಬಳಿಕ ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಿದ್ದುತ್ತಿದ್ದನು. ಪದಸಂಪತ್ತು ಸಾಲದೆಂದು ಕಂಡಾಗ ಗದ್ಯವನ್ನು ಪದ್ಯಮಾಡಿ, ಅದು ಮರೆತುಹೋದ ಮೇಲೆ ಪದ್ಯವನ್ನು ಮತ್ತೆ ಗದ್ಯಮಾಡಿದನು. ಕ್ರಮವನ್ನು ಕಲಿಯಲೋಸುಗ ಗುರುತುಗಳನ್ನೆಲ್ಲ ಕಲಸಿಬಿಟ್ಟು ಕೆಲವು ವಾರಗಳ ಮೇಲೆ ಅವನ್ನು ತಾನೇ ಸರಿಯಾಗಿ ಜೋಡಿಸಿ ನೋಡಿದನು. ಇದಕ್ಕೆಲ್ಲ ಅವನಿಗಿದ್ದ ಸಮಯ ಕೆಲಸ ಮುಗಿದ ಮೇಲಿನ ರಾತ್ರಿ, ಕೆಲಸಕ್ಕೆ ಮುಂಚಿನ ಬೆಳಗು, ಮತ್ತು ಭಾನುವಾರ. ತಂದೆ ಹೇಳಿದ ಮೂರು ಕೊರತೆಗಳಿಗೆ ಸರಿಯಾಗಿ ಮಗನು ಸಾಧನೆಗಳನ್ನು ಕಲ್ಪಿಸಿಕೊಂಡನು. ಅಭ್ಯಾಸದ ಒಳಗಿರಬೇಕಾದ ಗುಣವೆಂದು ಮೇಲೆ ಹೇಳಿದ್ದು ಇದೇ: ತನ್ನ ತಪ್ಪನ್ನು ಇನ್ನೊಬ್ಬರಿಂದ ತಿಳಿಯಲು ಒಪ್ಪುವ ಮನಸ್ಸು, ತಿಳಿದದ್ದನ್ನು ಕೆಲಸವಾಗಿ ಮಾರ್ಪಡಿಸುವ ತಾಳ್ಮೆ.

ಒಪ್ಪುವ ಮನಸ್ಸು ಎಂದು ಹೇಳುವುದು ಸುಲಭ, ತಂದುಕೊಳ್ಳುವುದು ಕಷ್ಟ. ರೋಮಿನ ಕವಿ ಹೊರೇಸನು ಕಾವ್ಯಕಲೆಯನ್ನು ಕುರಿತ ತನ್ನ ಪದ್ಯಲೇಖನದಲ್ಲಿ ಕ್ವಿಂಟಿಲಿಯಸ್ ಎಂಬ ಮಿತ್ರನನ್ನು ನೆನೆಯುತ್ತಾನೆ. ಅವನಿಗೆ ಏನನ್ನಾದರೂ ಓದಿಹೇಳಿದರೆ ‘ಇದನ್ನು ತಿದ್ದು, ಇದನ್ನೂ ತಿದ್ದು’ ಎನ್ನುತ್ತಿದ್ದನಂತೆ. ಎರಡು ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲವೆಂದರೆ ಅಳಿಸಿ ಮತ್ತೆ ಅಡಿಗಲ್ಲಿಗೆ ಹಾಕಿ ಬಡಿಯೆನ್ನುತ್ತಿದ್ದನಂತೆ. ಆದರೆ ಬರೆದವನು ತಪ್ಪನ್ನು ತಿದ್ದುವುದಕ್ಕಿಂತ ಸಮರ್ಥಿಸುವುದರಲ್ಲಿಯೇ ಉತ್ಸಾಹ ತೋರಿದರೆ ಆತನು ಮುಂದೆ ಒಂದು ಮಾತನ್ನೂ ವ್ಯರ್ಥಮಾಡುತ್ತಿರಲಿಲ್ಲವಂತೆ. ನಿನ್ನನ್ನೂ ನಿನ್ನ ಕೃತಿಯನ್ನೂ ಪ್ರತಿಸ್ಪರ್ಧಿಯಿಲ್ಲದೆ ನೀನೊಬ್ಬನೇ ಪ್ರೀತಿಸಿಕೊಂಡಿರು ಎಂದು ಬಿಟ್ಟುಬಿಡುತ್ತಿದ್ದನಂತೆ. ಸಮರ್ಥಿಸಿಕೊಳ್ಳುವವನಿಗೆ ಬರುವ ಶಿಕ್ಷೆ ಬೈಗಳಲ್ಲ, ಸ್ನೇಹಿತನ ಮೌನ. ಇದಕ್ಕಿಂತ ದೊಡ್ಡ ನಷ್ಟ ಬರೆಯುವವನಿಗೆ ಮತ್ತೊಂದಿಲ್ಲ. ಆದರೆ ಆ ಮೌನವನ್ನು ಅವನು ಎಷ್ಟೋ ವೇಳೆ ಜಯವೆಂದೇ ಭಾವಿಸುತ್ತಾನೆ.

ಸಮರ್ಥನೆಯ ಮಾತು ‘ನಾನು ಹೇಳಹೊರಟದ್ದು ಏನೆಂದರೆ’ ಎಂದು ಮೊದಲಾಗುವುದು ವಾಡಿಕೆ. ಹೇಳಹೊರಟದ್ದು ಬಾಯಿಯಲ್ಲಿ ಅಷ್ಟು ಚೆನ್ನಾಗಿ ಬರುವುದಾದರೆ ಅದನ್ನೇ ಬರೆಯಬಹುದಾಗಿತ್ತು. ಬರೆಹವು ಮನೆಯಿಂದ ಹೊರಟ ಮೇಲೆ ಬರೆದವನು ಅದರ ಹಿಂದೆ ವಿವರಣೆ ಕೊಡುತ್ತ ಹೋಗಲಾರನು. ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದವರ ಕೈಯಲ್ಲಿ ಅದು ತನ್ನ ಪರವಾಗಿ ತಾನೇ ಮಾತನಾಡಬೇಕು. ಆದುದರಿಂದ ‘ಅರ್ಥವಾಗಲಿಲ್ಲ’ ಎಂದು ಒಬ್ಬನು ಹೇಳಿದಾಗ ಅದು ವಾದಕ್ಕೆ ಕರೆಯಲ್ಲ. ನಡೆದುಹೋದ ಒಂದು ಸಂಗತಿಯ ವರದಿ. ಈ ವರದಿಯನ್ನು ಕೊಡಲು ಕೇಳಿದವನು ಪಂಡಿತನಾಗಬೇಕಾಗಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲು ಉಣ್ಣುವವನಿಗೆ ಅಡಿಗೆ ಬರಬೇಕೆಂಬ ನಿಯಮವಿಲ್ಲ.

ಕನ್ನಡಸಾಹಿತ್ಯದಲ್ಲಿ ಈ ತತ್ತ್ವವೇ ರೂಪವೆತ್ತಿ ಬಂದಂತೆ ಇರುವವಳು ಮುದ್ದಣನ ಮನೋರಮೆ. ನಂದಳಿಕೆಯ ಲಕ್ಷ್ಮೀನಾರಣಪ್ಪನು (೧೮೭೦-೧೯೦೧) ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿ, ಬಡತನದಲ್ಲಿ ದಿನ ಕಳೆಯುತ್ತ, ‘ಶ್ರೀರಾಮಾಶ್ವಮೇಧ’ವನ್ನು ಬರೆದನು. ಅದರಲ್ಲಿ ಕಥೆಯ ನಡುವೆ ನಡುವೆ ಕವಿಗೂ ಅವನ ಹೆಂಡತಿಗೂ ನಡೆಯುವ ಸಲ್ಲಾಪವನ್ನು ಓದದ ಕನ್ನಡಿಗರು ವಿರಳ. ಕವಿ ಪದ್ಯದಲ್ಲಿ ಹೇಳಲೆಳಸಿದರೆ ಮನೋರಮೆ ಬೇಡವೆಂದು ಗದ್ಯವನ್ನು ಕೇಳುತ್ತಾಳೆ. ಅವನು ಸಂಸ್ಕೃತದ ಬಿಗಿಯಾದ ಮಾತನ್ನು ತಂದರೆ ತನಗೆ ತಿಳಿಯದೆಂದು ತಡೆಯುತ್ತಾಳೆ. ಕವಿ ತನ್ನ ಪಾಂಡಿತ್ಯಕ್ಕೆ ತಾನೇ ಮರುಳಾಗುವಂತೆ ಕಂಡಲ್ಲಿ ನಗುತ್ತಾಳೆ. ಅವಳು ಅಲಂಕಾರಶಾಸ್ತ್ರದ ಹೆಸರನ್ನೆತ್ತುವುದಿಲ್ಲ. ತನಗೆ ರುಚಿಸಿತೋ ಇಲ್ಲವೋ ಎಂಬುದನ್ನು ಮಾತ್ರ ಹೇಳುತ್ತಾಳೆ. ಕವಿ ಕೋಪಿಸಿಕೊಳ್ಳದೆ ದಾರಿಯನ್ನು ಬದಲಾಯಿಸುತ್ತಾನೆ. ಓದುಗಳೊಬ್ಬಳನ್ನು ಕೃತಿಯ ಒಳಕ್ಕೇ ಕರೆದು ಕೂರಿಸಿ, ಅವಳ ಆಕ್ಷೇಪಣೆಗಳನ್ನು ಅಳಿಸದೆ ಉಳಿಸಿದ್ದು ಬರಿಯ ವಿನೋದವಲ್ಲ. ಕೇಳುವವರು ಯಾರೆಂಬುದನ್ನು ಮರೆಯಬಾರದೆಂಬ ಒಂದು ಶಿಸ್ತು. ಅವನು ತನ್ನ ಹೆಸರನ್ನು ಮುಂದಿಡದೆ ಕೃತಿಯನ್ನು ಹಿಂದಿನ ಕವಿಯೊಬ್ಬನದೆಂಬಂತೆ ಪ್ರಕಟಣೆಗೆ ಕಳುಹಿಸಿದನೆಂಬುದೂ ಪ್ರಸಿದ್ಧವಾಗಿದೆ. ಫ್ರಾಂಕ್ಲಿನ್ನನು ಸಹ ೧೭೨೨ರಲ್ಲಿ, ಹದಿನಾರರ ವಯಸ್ಸಿನಲ್ಲಿ, ವಿಧವೆಯೊಬ್ಬಳ ಕಲ್ಪಿತನಾಮದಿಂದ ಲೇಖನಗಳನ್ನು ಬರೆದು ಅಣ್ಣನ ಅಚ್ಚುಕೂಟದ ಬಾಗಿಲಿನ ಕೆಳಗೆ ತೂರಿಸಿದ್ದನು. ಹೆಸರನ್ನು ಬದಿಗಿಟ್ಟಾಗ ಮುಖ ನೋಡಿ ಹೇಳುವ ಮಾತು ನಿಂತು, ಬರೆಹವನ್ನು ನೋಡಿ ಹೇಳುವ ಮಾತು ಕಿವಿಗೆ ಬೀಳುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರಬಹುದು. ಹೇಳಿದವರ ಮಾತನ್ನೆಲ್ಲ ಕೇಳುತ್ತ ಹೋದರೆ ಬರೆಯುವವನ ಸ್ವಂತದ್ದೇನು ಉಳಿಯುತ್ತದೆ? ಜನರ ರುಚಿಗೆ ತಲೆಬಾಗುವುದೇ ಗುಣವಾದರೆ, ಜನರು ಒಪ್ಪದ ಸತ್ಯವನ್ನು ಹೇಳತಕ್ಕವರು ಯಾರು? ಎಂಟನೆಯ ಶತಮಾನದ ಭವಭೂತಿ ‘ಮಾಲತೀಮಾಧವ’ದ ಪ್ರಸ್ತಾವನೆಯಲ್ಲಿ ತನ್ನನ್ನು ಅಲ್ಲಗಳೆಯುವವರಿಗಾಗಿ ತಾನು ಬರೆಯಲಿಲ್ಲವೆಂದೂ, ಕಾಲಕ್ಕೆ ಕೊನೆಯಿಲ್ಲ, ಭೂಮಿ ವಿಶಾಲವಾದದ್ದು, ಸಮಾನಧರ್ಮನೊಬ್ಬನು ಎಲ್ಲಿಯೋ ಎಂದೋ ಹುಟ್ಟುವನೆಂದೂ ಸಾರಿದನು. ಕಾಲವು ಅವನ ನಂಬಿಕೆಯನ್ನು ಸುಳ್ಳುಮಾಡಲಿಲ್ಲ. ಅವನು ತನ್ನ ಕಾಲದ ನಿಂದಕರ ಮಾತಿಗೆ ಮಣಿದಿದ್ದರೆ ‘ಉತ್ತರರಾಮಚರಿತೆ’ಯ ಕರುಣರಸ ಜಗತ್ತಿಗೆ ದೊರೆಯುತ್ತಿತ್ತೇ ಎಂದು ಕೇಳಿದರೆ ಸುಮ್ಮನೆ ತಳ್ಳಿಹಾಕುವಂತಿಲ್ಲ.

ಆದರೆ ಈ ಆಕ್ಷೇಪಣೆಗೆ ಉತ್ತರವು ಕಾಳಿದಾಸನ ಎರಡು ಪ್ರಸ್ತಾವನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ದೊರೆಯುತ್ತದೆ. ‘ಮಾಲವಿಕಾಗ್ನಿಮಿತ್ರ’ದಲ್ಲಿ ಹಳೆಯದೆಲ್ಲ ಒಳ್ಳೆಯದಲ್ಲ, ಹೊಸದಾದ ಮಾತ್ರಕ್ಕೆ ಕಾವ್ಯ ಕೆಟ್ಟದ್ದಲ್ಲ, ಬಲ್ಲವರು ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ, ಮೂಢನು ಪರರ ನಂಬಿಕೆಯನ್ನು ಹಿಂಬಾಲಿಸುತ್ತಾನೆ ಎಂದು ಸೂತ್ರಧಾರನ ಬಾಯಿಂದ ಧೈರ್ಯವಾಗಿ ಹೇಳಿಸಿದವನೇ, ‘ಶಾಕುಂತಲ’ದಲ್ಲಿ ಬಲ್ಲವರಿಗೆ ತೃಪ್ತಿಯಾಗುವವರೆಗೂ ಪ್ರಯೋಗ ಚೆನ್ನಾಯಿತೆಂದು ತಿಳಿಯಲಾಗದು, ಎಷ್ಟು ಕಲಿತವರಿಗೂ ತಮ್ಮ ವಿಷಯದಲ್ಲಿ ತಮಗೇ ನಂಬಿಕೆಯಿರದು ಎಂದು ವಿನಯದಿಂದ ಹೇಳಿಸಿದ್ದಾನೆ. ಇವು ಪರಸ್ಪರ ವಿರುದ್ಧವಲ್ಲ. ಯಾವುದನ್ನು ಹೇಳಬೇಕೆಂಬುದರಲ್ಲಿ ಧೈರ್ಯ. ಹೇಳಿದ್ದು ತಲಪಿತೇ ಎಂಬುದರಲ್ಲಿ ವಿನಯ. ಮೊದಲನೆಯದು ಬರೆಯುವವನ ಅಂತಃಸಾಕ್ಷಿಗೆ ಸೇರಿದುದು. ಅದರಲ್ಲಿ ಬೇರೆಯವರು ಅಧಿಕಾರಿಗಳಲ್ಲ. ಎರಡನೆಯದಕ್ಕೆ ಸಾಕ್ಷಿ ಓದುಗನೇ. ಅದರಲ್ಲಿ ಬರೆದವನು ಅಧಿಕಾರಿಯಲ್ಲ. ಇವೆರಡನ್ನೂ ಅದಲುಬದಲು ಮಾಡಿಕೊಂಡಾಗ ಅನರ್ಥವುಂಟಾಗುತ್ತದೆ. ವಾಕ್ಯದ ವಿಷಯದಲ್ಲಿ ಹಠಮಾರಿಯಾಗಿ, ಅಭಿಪ್ರಾಯದ ವಿಷಯದಲ್ಲಿ ಗಾಳಿ ಬಂದ ಕಡೆಗೆ ತೂರಿಕೊಳ್ಳುವವರೇ ಲೋಕದಲ್ಲಿ ಹೆಚ್ಚು.

ಸರಿಯಾದ ಕ್ರಮಕ್ಕೆ ಇತ್ತೀಚಿನ ಚರಿತ್ರೆಯಲ್ಲಿ ಒಂದು ಉಜ್ಜ್ವಲವಾದ ಉದಾಹರಣೆಯಿದೆ. ೧೯೦೯ರಲ್ಲಿ ಗಾಂಧೀಜಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಿಂತಿರುಗುವಾಗ ಹಡಗಿನಲ್ಲಿಯೇ ಸುಮಾರು ಹತ್ತು ದಿನಗಳಲ್ಲಿ ‘ಹಿಂದ್ ಸ್ವರಾಜ್’ ಗ್ರಂಥವನ್ನು ಗುಜರಾತಿಯಲ್ಲಿ ಬರೆದು ಮುಗಿಸಿದರು. ಬಲಗೈ ಸೋತಾಗ ಎಡಗೈಯಿಂದ ಬರೆದರು. ಅದರ ಅಭಿಪ್ರಾಯಗಳನ್ನು ಒಪ್ಪದ ಸ್ನೇಹಿತರು ಅವರಿಗೆ ಹಲವರಿದ್ದರು. ೧೯೨೧ರಲ್ಲಿ ಆ ಗ್ರಂಥದ ವಿಷಯವಾಗಿ ಬರೆಯುತ್ತ ಅವರು, ಸ್ತ್ರೀಮಿತ್ರರೊಬ್ಬರ ಮಾತಿಗೆ ಮನ್ನಣೆಯಿತ್ತು ಒಂದು ಪದವನ್ನು ಹಿಂತೆಗೆದುಕೊಂಡಿರುವುದಾಗಿಯೂ ಉಳಿದದ್ದರಲ್ಲಿ ಯಾವುದನ್ನೂ ಬಿಡುವುದಿಲ್ಲವೆಂದೂ ತಿಳಿಸಿದರು. ಸಾಮ್ರಾಜ್ಯವೇ ಎದುರಾದರೂ ಬಿಡದ ಅಭಿಪ್ರಾಯ ಒಂದು ಕಡೆ. ಒಬ್ಬರ ಮನಸ್ಸು ನೊಂದಿತೆಂದು ಬಿಟ್ಟ ಪದ ಇನ್ನೊಂದು ಕಡೆ. ಧೈರ್ಯವೂ ವಿನಯವೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತಿರುವುದೆಂದರೆ ಇದು.

ಗಾಂಧೀಜಿಯವರ ನಿದರ್ಶನವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ಯುತ್ತದೆ. ೧೯೦೩ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹೊರಟ ‘ಇಂಡಿಯನ್ ಒಪೀನಿಯನ್’ ಪತ್ರಿಕೆಗೆ ವಾರವಾರವೂ ಬರೆಯುತ್ತಿದ್ದ ಕಾಲವನ್ನು ಆತ್ಮಕಥೆಯಲ್ಲಿ ನೆನೆಯುತ್ತ, ಯೋಚಿಸದೆ ಬರೆದ ಮಾತಾಗಲಿ, ತಿಳಿದೂ ತಿಳಿದೂ ಉತ್ಪ್ರೇಕ್ಷಿಸಿದ ಮಾತಾಗಲಿ ಅವುಗಳಲ್ಲಿ ಇಲ್ಲವೆಂದೂ, ಆ ಪತ್ರಿಕೆ ತಮಗೆ ಸಂಯಮದ ಶಿಕ್ಷಣವಾಯಿತೆಂದೂ ಅವರು ಹೇಳಿದ್ದಾರೆ. ಬರೆಹದ ದೋಷಗಳಲ್ಲೆಲ್ಲ ಆಳವಾದದ್ದು ವ್ಯಾಕರಣದ ತಪ್ಪಲ್ಲ. ಅನುಭವಿಸದ್ದನ್ನು ಅನುಭವಿಸಿದಂತೆ, ತಿಳಿಯದ್ದನ್ನು ತಿಳಿದಂತೆ, ಸ್ವಲ್ಪವಾದದ್ದನ್ನು ಬಹಳವಾದಂತೆ ಬರೆಯುವುದು. ಸತ್ತವರನ್ನು ಕುರಿತು ಬರೆಯುವಾಗ, ಅಧಿಕಾರದಲ್ಲಿರುವವರನ್ನು ಸ್ವಾಗತಿಸುವಾಗ, ಸ್ನೇಹಿತನ ಪುಸ್ತಕಕ್ಕೆ ಮುನ್ನುಡಿಯನ್ನು ಬರೆಯುವಾಗ ಈ ದೋಷವು ಸೌಜನ್ಯದ ವೇಷವನ್ನು ಧರಿಸಿ ಬರುತ್ತದೆ. ಹೀಗೆ ಬರೆದ ಮಾತು ಯಾರಿಗೂ ನೋವುಂಟುಮಾಡದಿರಬಹುದು. ಆದರೆ ಬರೆದವನ ಲೇಖನಿಯನ್ನು ಅದು ಮೊಂಡುಮಾಡುತ್ತದೆ. ಎಲ್ಲರನ್ನೂ ‘ಮಹನೀಯ’ರೆಂದು ಕರೆದವನಿಗೆ ನಿಜವಾದ ಮಹನೀಯನೊಬ್ಬನು ಎದುರಾದಾಗ ಪದವೇ ಉಳಿದಿರುವುದಿಲ್ಲ. ಇಂಥ ದೋಷವನ್ನು ಬೇರೆಯವರು ತೋರಿಸುವುದು ಬಹಳ ಅಪರೂಪ, ಏಕೆಂದರೆ ಓದುಗನಿಗೆ ಬರೆದವನ ಹೃದಯ ಕಾಣುವುದಿಲ್ಲ. ಆದರೆ ಸಣ್ಣ ತಪ್ಪುಗಳನ್ನು ಪರರಿಂದ ಕೇಳಿ ತಿದ್ದಿಕೊಳ್ಳುವ ಅಭ್ಯಾಸವಿದ್ದವನಿಗೆ ಈ ದೊಡ್ಡ ತಪ್ಪನ್ನು ತನ್ನ ಒಳಗಿನಿಂದಲೇ ಕೇಳಿಸಿಕೊಳ್ಳುವ ಕಿವಿಯು ನಿಧಾನವಾಗಿ ಬರುತ್ತದೆ. ಒಳ್ಳೆಯ ಬರೆಹಗಾರರೆಲ್ಲ ಒಳ್ಳೆಯ ಮನುಷ್ಯರೆಂದು ಹೇಳಲು ಲೋಕದ ಅನುಭವ ಅವಕಾಶ ಕೊಡುವುದಿಲ್ಲ. ಆದರೆ ಬರೆಹವನ್ನು ತಿದ್ದಿಕೊಳ್ಳಲು ಬೇಕಾದ ಗುಣವೂ ಬಾಳನ್ನು ತಿದ್ದಿಕೊಳ್ಳಲು ಬೇಕಾದ ಗುಣವೂ ಒಂದೇ ಎಂದು ಹೇಳುವುದಕ್ಕೆ ಅಡ್ಡಿಯಿಲ್ಲ.

ಇನ್ನು ಕೇಳುವವರ ಧರ್ಮ. ರಾಜಶೇಖರನು ವಿಮರ್ಶಕರಲ್ಲಿ ನಾಲ್ಕು ಬಗೆಯನ್ನು ಹೇಳುತ್ತಾನೆ: ಯಾವುದೂ ರುಚಿಸದವನು, ಹುಲ್ಲನ್ನೂ ಬಿಡದೆ ಎಲ್ಲವನ್ನೂ ನುಂಗುವವನು, ಮತ್ಸರದಿಂದ ಗುಣವನ್ನು ಕಾಣದವನು, ತತ್ತ್ವದಲ್ಲಿಯೇ ಮನಸ್ಸಿಟ್ಟವನು. ಕೊನೆಯವನು ಸಾವಿರದಲ್ಲಿ ಒಬ್ಬನೆಂಬುದು ಅವನ ಲೆಕ್ಕ. ಮನೆಗಳಲ್ಲಿ ಮತ್ಸರಿ ಅಪರೂಪ. ಮೊದಲ ಎರಡು ಬಗೆಯವರೇ ಹೆಚ್ಚು. ಮಗಳ ಪದ್ಯವನ್ನು ಓದದೆಯೇ ‘ಬಹಳ ಚೆನ್ನಾಗಿದೆ’ ಎಂದು ಹಿಂದಕ್ಕೆ ಕೊಡುವ ತಂದೆ ಅವಳನ್ನು ಪ್ರೀತಿಸುತ್ತಾನೆ ನಿಜ. ಆದರೆ ಅವಳ ಕೆಲಸವನ್ನು ಗೌರವಿಸುವುದಿಲ್ಲ. ‘ಪಾಠ ಓದುವುದನ್ನು ಬಿಟ್ಟು ಇದೇನು’ ಎನ್ನುವವನು ಎರಡನ್ನೂ ಮಾಡುವುದಿಲ್ಲ. ಮೊದಲನೆಯವನ ಮನೆಯಲ್ಲಿ ಹುಡುಗಿ ತನ್ನ ತಪ್ಪುಗಳೊಡನೆಯೇ ಬೆಳೆಯುತ್ತಾಳೆ. ಎರಡನೆಯವನ ಮನೆಯಲ್ಲಿ ಬರೆದದ್ದನ್ನು ಅಡಗಿಸಿಡುವುದನ್ನು ಕಲಿಯುತ್ತಾಳೆ. ಸಾವಿರದಲ್ಲಿ ಒಬ್ಬನಾಗುವುದು ಎಲ್ಲರಿಗೂ ಸಾಧ್ಯವಿಲ್ಲದಿರಬಹುದು. ಆದರೆ ಕಾಗದವನ್ನು ತೆಗೆದುಕೊಂಡು ಎರಡು ಸಲ ಓದಿ, ಈ ಸಾಲು ಕಣ್ಣಿಗೆ ಕಟ್ಟಿತು, ಈ ಸಾಲು ನನಗೆ ತಿಳಿಯಲಿಲ್ಲ, ಇಲ್ಲಿ ನೀನು ನಿಜವಾಗಿ ಕಂಡದ್ದೇನು ಎಂದು ಕೇಳುವಷ್ಟು ಬಿಡುವು ಯಾವ ತಂದೆಗೂ ಯಾವ ತಾಯಿಗೂ ಇದ್ದೀತು. ಬಾಸ್ಟನ್ನಿನ ಮೇಣದ ಬತ್ತಿಯವನಿಗೆ ಇತ್ತು.

ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತೆಂದು ‘ಕವಿರಾಜಮಾರ್ಗ’ವೇ ಬೇರೊಂದು ಕಡೆ ಹೇಳಿದೆ. ಕಾಡಿಗೆಯ ಮಾತೂ ಈ ಸೈರಣೆಯ ಮಾತೂ ಒಂದೇ ಗ್ರಂಥದಲ್ಲಿ ಇರುವುದು ಉಚಿತವಾಗಿದೆ. ತನ್ನ ಕಣ್ಣಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣಬಹುದೆಂದು ಒಪ್ಪದವನು ಯಾರನ್ನು ತಾನೆ ಸೈರಿಸಿಯಾನು? ಕಾಡಿಗೆ ಕದಡಿದವಳಿಗೆ ಅಕ್ಕನೋ ತಂಗಿಯೋ ಕೆನ್ನೆಯ ಮೇಲೆ ಕಪ್ಪಾಗಿದೆಯೆಂದು ಹೇಳಿದರೆ ಅವಳು ಮುನಿಸಿಕೊಳ್ಳುವುದಿಲ್ಲ. ಬಾಗಿಲು ದಾಟುವುದಕ್ಕೆ ಮುಂಚೆ ಹೇಳಿದಳಲ್ಲ ಎಂದು ಸೆರಗಿನ ಅಂಚಿನಿಂದ ಒರಸಿಕೊಳ್ಳುತ್ತಾಳೆ. ಬರೆಯುವವರಿಗೆ ಬೇಕಾದದ್ದೂ ಅಂಥ ಒಬ್ಬರು, ಮತ್ತು ಅಷ್ಟೇ ಸುಲಭವಾಗಿ ಸೆರಗಿಗೆ ಹೋಗುವ ಕೈ.